ಹೊಸಬನನ್ನು ಇಳಿಸುವ ಗಳಿಗೆ

ವಾಲಿಬಾಲಿನಲ್ಲಿ ಚೆಂಡು ನಮ್ಮ ಕಡೆಗೆ ಬಂದ ಮೇಲೆ ಮೂರು ಸಲ ಮುಟ್ಟಬಹುದು. ಮೊದಲನೆಯವನು ತಡೆಯುತ್ತಾನೆ, ಮೂರನೆಯವನು ಹಾರಿ ಹೊಡೆಯುತ್ತಾನೆ. ಚಪ್ಪಾಳೆಯೆಲ್ಲ ಹೊಡೆದವನಿಗೆ. ಇಬ್ಬರ ನಡುವೆ ಒಬ್ಬನಿರುತ್ತಾನೆ, ಹೊಡೆಯುವವನಿಗೆ ಚೆಂಡನ್ನು ಎತ್ತಿ ಕೊಡುವವನು. ಅವನಿಗೆ ನಮ್ಮಲ್ಲಿ ಲಿಫ್ಟರ್ ಎನ್ನುತ್ತಾರೆ. ನೋಡುವವರ ಕಣ್ಣಿಗೆ ಅವನು ಬೀಳುವುದೇ ಇಲ್ಲ, ಆದರೆ ಚೆಂಡು ಯಾರಿಗೆ, ಯಾವಾಗ, ಎಷ್ಟು ಎತ್ತರಕ್ಕೆ ಎಂಬುದೆಲ್ಲ ಅವನ ಮರ್ಜಿ. ಬಡಿಸುವವನು ನಮ್ಮವನಾದರೆ ಕಡೇ ಪಂಕ್ತಿಯಾದರೇನು ಎನ್ನುವ ಮಾತು ಲಿಫ್ಟರನನ್ನು ನೋಡಿಯೇ ಹುಟ್ಟಿರಬೇಕು. ನೈರೋಬಿಯಲ್ಲಿ ಕನ್ನಡದವರ ತಂಡಕ್ಕೆ ನಾನು ಒಂಬತ್ತು ವರ್ಷ ಹಾಗೆ ಬಡಿಸಿದವನು.

ತಂಡವೆಂದರೆ ದೊಡ್ಡ ತಂಡವೇನಲ್ಲ. ಇಂಡಸ್ಟ್ರಿಯಲ್ ಏರಿಯಾದ ಕಾರ್ಖಾನೆಗಳಲ್ಲಿ, ಔಷಧಿ ಕಂಪನಿಗಳಲ್ಲಿ ಕೆಲಸಕ್ಕೆ ಬಂದ ಏಳೆಂಟು ಜನ, ಎಲ್ಲರಿಗೂ ಒಂದಿಷ್ಟು ಹೊಟ್ಟೆ, ಒಬ್ಬೊಬ್ಬರಿಗೆ ಒಂದೊಂದು ಕೀಲುನೋವು. ಸೌತ್ ಬಿ ಬಡಾವಣೆಯ ನಮ್ಮ ಮನೆಯಿಂದ ಹತ್ತು ನಿಮಿಷ ನಡೆದರೆ ಒಂದು ಶಾಲೆಯ ಮೈದಾನ. ಭಾನುವಾರ ಸಂಜೆ ಅಲ್ಲಿ ನೆಟ್ ಕಟ್ಟುತ್ತಿದ್ದೆವು. ವರ್ಷಕ್ಕೊಮ್ಮೆ ಜುಲೈಯಿಂದ ಅಕ್ಟೋಬರಿನವರೆಗೆ ಭಾರತೀಯರ ಸಂಘಗಳ ನಡುವೆ ಪಂದ್ಯಾವಳಿ. ಗುಜರಾತಿಗಳು, ಪಂಜಾಬಿಗಳು, ತೆಲುಗರು, ಮಲಯಾಳಿಗಳು, ನಾವು. ಗೆದ್ದವರಿಗೆ ಒಂದು ಹಿತ್ತಾಳೆಯ ಕಪ್. ಅದು ಒಂಬತ್ತು ವರ್ಷದಲ್ಲಿ ಒಮ್ಮೆಯೂ ನಮ್ಮ ಕಡೆ ತಲೆಯೆತ್ತಿ ನೋಡಿರಲಿಲ್ಲ.

ಆ ಮೈದಾನ ನೋಡಿಕೊಳ್ಳುತ್ತಿದ್ದ ಕೆನ್ಯಾದ ಹಿರಿಯರೊಬ್ಬರು ಆಟ ನಡೆಯುವಾಗ ಬಕೆಟ್ ಬೋರಲು ಹಾಕಿಕೊಂಡು ಗೆರೆಯ ಪಕ್ಕ ಕೂತಿರುತ್ತಿದ್ದರು. ಉಳಿದವರನ್ನೆಲ್ಲ ರಫಿಕಿ, ಅಂದರೆ ಗೆಳೆಯ ಎಂದು ಕರೆದರೆ ನನ್ನನ್ನು ಮಾತ್ರ ‘ಮ್ಜೀ’ ಎನ್ನುತ್ತಿದ್ದರು. ಸ್ವಾಹಿಲಿಯಲ್ಲಿ ಅದು ಹಿರಿಯರಿಗೆ, ಯಜಮಾನರಿಗೆ ಸಲ್ಲುವ ಗೌರವದ ಮಾತು. ನಾನು ತಂಡದ ಕ್ಯಾಪ್ಟನ್ನೂ ಆಗಿದ್ದರಿಂದ ಸಲ್ಲಬೇಕಾದದ್ದೇ ಸಲ್ಲುತ್ತಿದೆ ಎಂದು ಬೀಗುತ್ತಿದ್ದೆ. ಆಗ ನನಗೆ ನಲವತ್ಮೂರು.

ಮಟಾಟು ಎನ್ನುವ ಬಾಡಿಗೆ ವ್ಯಾನುಗಳಿಗೆಲ್ಲ ಹಳದಿ ಪಟ್ಟಿ ಬಳಿದು ಸೀಟ್ ಬೆಲ್ಟ್ ಕಡ್ಡಾಯ ಮಾಡಿದ್ದ ಕಾಲ ಅದು. ಒಂದು ಜುಲೈಯಲ್ಲಿ, ನೈರೋಬಿಯ ಮೋಡ ಮುಸುಕಿದ ಚಳಿಯಲ್ಲಿ, ನಮ್ಮ ಪ್ಲಾಸ್ಟಿಕ್ ಕಾರ್ಖಾನೆಗೆ ಬಾಟಲಿ ಊದುವ ಹೊಸ ಯಂತ್ರ ಬಂತು. ಅದರ ಜೊತೆಗೆ ಅದನ್ನು ಕೂರಿಸಿ, ಚಾಲೂ ಮಾಡಿಕೊಟ್ಟು ಹೋಗಲು ಯಂತ್ರ ಮಾಡಿದ ಕಂಪನಿಯ ಇಂಜಿನಿಯರ್ ಒಬ್ಬ ಬಂದ. ಕುಂದಾಪುರದ ಕಡೆಯವನು, ಇಪ್ಪತ್ತಾರು ವರ್ಷ. ಸರ್ಕಾರ ಕೊಟ್ಟದ್ದು ಮೂರು ತಿಂಗಳ ಕೆಲಸದ ಪಾಸ್. ಅದು ಮುಗಿದ ಕೂಡಲೇ ಕಂಪಾಲಾದಲ್ಲಿ ಇನ್ನೊಂದು ಯಂತ್ರ ಅವನಿಗಾಗಿ ಕಾದಿತ್ತು. ಏನು ಹೇಳಿದರೂ ‘ಅಡ್ಡಿಲ್ಲ ಸರ್’ ಎನ್ನುತ್ತಿದ್ದ. ಜೇಬಿನಲ್ಲಿ ಅಂಗೈಯಗಲದ ಒಂದು ನೋಟ್‌ಬುಕ್. ಯಂತ್ರದ ಶಾಖ, ಒತ್ತಡ, ಎಷ್ಟನೆಯ ಬಾಟಲಿ ಸೊಟ್ಟಗೆ ಬಂತು, ಎಲ್ಲವನ್ನೂ ಅದರಲ್ಲಿ ಬರೆದುಕೊಳ್ಳುತ್ತಿದ್ದ.

ನಾನು ಪ್ರೊಡಕ್ಷನ್ ಮ್ಯಾನೇಜರ್. ಬಾಟಲಿಗಾಗಿ ಗಿರಾಕಿಗಳು ಕತ್ತಿನ ಮೇಲೆ ಕೂತಿದ್ದರು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ.

“ಇನ್ನೂ ಎಷ್ಟು ದಿನಾನಪ್ಪ ಟ್ರಯಲ್ಲು? ಸ್ಟಾರ್ಟ್ ಮಾಡು. ಓಡಿದ್ರೆ ತಾನೇ ಗೊತ್ತಾಗೋದು ಎಲ್ಲಿ ಏನ್ ಕೆಟ್ಟಿದೆ ಅಂತ!” ಎಂದು ದಿನಕ್ಕೆ ನಾಲ್ಕು ಸಲ ಕೂಗುತ್ತಿದ್ದೆ.

ಒಂದು ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ ಯಂತ್ರ ಸಿದ್ಧವಾಯಿತು. “ಸರ್, ಈಗ ರಾಹುಕಾಲ ಅಲ್ವಾ? ಹನ್ನೆರಡರ ಮೇಲೆ ಮಾಡುವನಾ?” ಎಂದ. ನಾನು ನಕ್ಕೆ. ರಾಹು ಕೇತುಗಳಿಗೆ ಕೆನ್ಯಾದ ವೀಸಾ ಸಿಕ್ಕಿಲ್ಲ ಎಂದು ನನ್ನ ಹಳೆಯ ಚಟಾಕಿಯನ್ನು ಹಾರಿಸಿ, ನಾನೇ ಹಸಿರು ಗುಂಡಿ ಒತ್ತಿದೆ. ಯಂತ್ರ ಗುಟುರು ಹಾಕಿ ಬಾಟಲಿ ಉಗುಳತೊಡಗಿತು, ಒಂದೂ ಸೊಟ್ಟವಿಲ್ಲ. ಹೊಸಬ ನೋಟ್‌ಬುಕ್ಕಿನಲ್ಲಿ ಸಮಯ ಬರೆದುಕೊಂಡ. ಆ ಶುಕ್ರವಾರವನ್ನು ಓದುಗರು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಬೇಕು, ಏಕೆಂದರೆ ನಾನು ಮರೆತೆ. ಮರೆತೆ ಎನ್ನುವುದಕ್ಕಿಂತ ಮರೆತವನ ಹಾಗೆ ನಟಿಸಿದೆ.

ಅದೇ ಭಾನುವಾರ ಅವನು ಮೈದಾನಕ್ಕೆ ಬಂದ. ಕಾಲಿಗೆ ಕಾರ್ಖಾನೆಯ ಬೂಟು. ನಾನು ನೀರು ಕುಡಿಯಲು ಹೊರಗೆ ಬಂದಾಗ, “ಸರ್, ಎರಡು ಬಾಲ್ ಎತ್ಲಾ?” ಎಂದು ಕೇಳಿದ. ಎತ್ತಪ್ಪಾ ಎಂದೆ.

ನನ್ನ ಚೆಂಡು ಹೇಗಿರುತ್ತಿತ್ತು ಎಂದರೆ ಮೇಲೆ, ತುಂಬಾ ಮೇಲೆ, ಜಕರಂಡಾ ಮರದ ಕೊಂಬೆಯಷ್ಟು ಎತ್ತರಕ್ಕೆ ಹೋಗಿ, ಅಲ್ಲಿ ಸ್ವಲ್ಪ ಯೋಚಿಸಿ, ನಿಧಾನವಾಗಿ ಕೆಳಗಿಳಿಯುತ್ತಿತ್ತು. ಹೊಡೆಯುವವನಿಗೆ ಪುರುಸೊತ್ತು. ತಡೆಯುವ ಎದುರಾಳಿಗೂ ಅಷ್ಟೇ ಪುರುಸೊತ್ತು. ಹೊಸಬನ ಚೆಂಡು ಅವನ ಬೆರಳಿಗೆ ತಗುಲಿದ ಸದ್ದೇ ಕೇಳಲಿಲ್ಲ. ನೆಟ್‌ನಿಂದ ಒಂದು ಮೊಳ ಮೇಲೆ ಸರ್ರನೆ ಅಡ್ಡ ಹೋಯಿತು. ನಮ್ಮ ಹೊಡೆಯುವವನು ದಾವಣಗೆರೆಯ ಆರಡಿಯ ಆಸಾಮಿ, ಎಲ್ಲರೂ ಅವನನ್ನು ಲಂಬೂ ಎಂದೇ ಕರೆಯುವುದು. ಅವನು ಮೊದಲ ಚೆಂಡಿಗೆ ಹಾರಲೇ ಇಲ್ಲ, ಬಾಯಿ ತೆರೆದು ನಿಂತ. ಎರಡನೆಯದಕ್ಕೆ ತಡವಾಗಿ ಹಾರಿದ. ಮೂರನೆಯದನ್ನು ಹೊಡೆದ ಹೊಡೆತಕ್ಕೆ ಆಚೆ ಕಡೆ ಇನ್ನೂ ಯಾರೂ ಕೈಯೆತ್ತಿರಲಿಲ್ಲ.

ಬಕೆಟ್ಟಿನ ಮೇಲಿದ್ದ ಹಿರಿಯರು ಎದ್ದು ನಿಂತಿದ್ದರು. ನಾನು ನೀರಿನ ಬಾಟಲಿ ಹಿಡಿದುಕೊಂಡು ಭೇಷ್ ಎಂದೆ. ಹೊಟ್ಟೆಯೊಳಗೆ ಕಿಚ್ಚು ಹೊತ್ತಿದ್ದು ನಿಜ, ಅದನ್ನು ಈಗ ಮುಚ್ಚಿಟ್ಟು ಯಾವ ಪುರುಷಾರ್ಥವೂ ಇಲ್ಲ.

ಅಂದಿನಿಂದ ತಂಡದ ಮುಂದೆ ಒಂದೇ ಪ್ರಶ್ನೆ: ಇವನನ್ನು ಯಾವಾಗ ಇಳಿಸುವುದು? ಇಳಿಸಬೇಕೋ ಬೇಡವೋ ಎನ್ನುವ ಪ್ರಶ್ನೆಯೇ ಇರಲಿಲ್ಲ. ಪಂದ್ಯಾವಳಿ ಶುರುವಾಗಿತ್ತು, ಲಿಫ್ಟರ್ ಜಾಗ ಒಂದೇ, ಅದರಲ್ಲಿ ನಾನಿದ್ದೆ, ಮತ್ತು ಯಾರು ಆಡಬೇಕೆಂದು ಹೇಳಬೇಕಾದ ಕ್ಯಾಪ್ಟನ್ನೂ ನಾನೇ. ಅವನಿಗಿದ್ದದ್ದು ಮೂರೇ ತಿಂಗಳು. ಹುಡುಗ ಹೊಸಬ, ನಮ್ಮವರ ಆಟ ಗೊತ್ತಿಲ್ಲ, ಸ್ವಲ್ಪ ಹೊಂದಿಕೊಳ್ಳಲಿ ಎಂದೆ. ಎಲ್ಲರೂ ತಲೆಯಾಡಿಸಿದರು. ಲಂಬೂ ಮಾತ್ರ ಆಡಿಸಲಿಲ್ಲ.

ಇದಕ್ಕೆ ನನಗೆ ಅಮೆರಿಕದಿಂದ ಬೆಂಬಲ ಸಿಕ್ಕಿತು. ನನ್ನ ಹೆಂಡತಿ ಒಂದು ಅಂತರರಾಷ್ಟ್ರೀಯ ಸಂಸ್ಥೆಯಲ್ಲಿ ಕೆಲಸಕ್ಕಿದ್ದಳು. ಅವಳ ಮೇಲಧಿಕಾರಿ ಅಮೆರಿಕದವರು, ಸಿರಿವಂತರ ಬಡಾವಣೆ ರುಂಡಾದಲ್ಲಿ ಮನೆ. ಒಂದು ರಾತ್ರಿ ನಮ್ಮನ್ನು ಊಟಕ್ಕೆ ಕರೆದಿದ್ದರು. ಗೇಟಿನಲ್ಲಿ ಕಾವಲುಗಾರ ಕಾರಿನ ಕೆಳಗೆಲ್ಲ ಬಗ್ಗಿ ನೋಡಿ ಒಳಗೆ ಬಿಟ್ಟ. ಊಟವಾದ ಮೇಲೆ ಅವರು ಊರಿಂದ ತಮ್ಮನೊಬ್ಬ ಕಳಿಸಿದ್ದ ವಿಡಿಯೋ ಕ್ಯಾಸೆಟ್ ಹಾಕಿದರು. ಅವರ ಫುಟ್‌ಬಾಲ್. ಕೈಯಲ್ಲೇ ಆಡುವುದನ್ನು ಫುಟ್‌ಬಾಲ್ ಎಂದು ಯಾಕೆ ಕರೆಯುತ್ತಾರೋ ದೇವರಿಗೇ ಗೊತ್ತು. ಮೊಟ್ಟೆಯಾಕಾರದ ಚೆಂಡು, ತಲೆಗೆ ಟೋಪಿ, ಹೆಗಲಿಗೆ ದಿಂಬು ಕಟ್ಟಿಕೊಂಡ ಗೂಳಿಗಳು ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ಅದರ ನಡುವೆ ಒಬ್ಬ ಮಾತ್ರ ನೆಟ್ಟಗೆ ನಿಂತು, ಅತ್ತಿತ್ತ ನೋಡಿ, ಯಾರಿಗೆ ಕೊಡಬೇಕೆಂದು ತೀರ್ಮಾನಿಸಿ ಚೆಂಡು ಎಸೆಯುತ್ತಿದ್ದ.

“ಅರೆ, ಇವನು ಲಿಫ್ಟರ್!” ಎಂದು ನಾನು ಸೋಫಾದಲ್ಲಿ ಎದ್ದು ಕೂತೆ.

ಅವರ ಭಾಷೆಯಲ್ಲಿ ಅವನು ಕ್ವಾರ್ಟರ್‌ಬ್ಯಾಕ್. ಆತಿಥೇಯರಿಗೆ ಈ ವಿಷಯ ಸಿಕ್ಕಿದ್ದೇ ಸಾಕಾಯಿತು. ಅವರ ಊರಿನ ತಂಡ ಕಾಲೇಜಿನಿಂದ ಒಬ್ಬ ಹೊಸ ಕ್ವಾರ್ಟರ್‌ಬ್ಯಾಕನ್ನು ತಂದಿದೆಯಂತೆ. ಅವನು ಹಳಬನ ಹಿಂದೆ ಬೆಂಚಿನ ಮೇಲೆ ಕೂತಿದ್ದಾನಂತೆ. ಇಳಿಸಬೇಕೋ ಕೂರಿಸಬೇಕೋ ಎಂದು ಅಲ್ಲಿ ಇಡೀ ಊರು ಜಗಳವಾಡುತ್ತದಂತೆ. ಕೆಲವು ತಂಡಗಳು ಮೊದಲ ದಿನವೇ ನೀರಿಗೆ ನೂಕುತ್ತವೆ, ಕೆಲವು ಒಂದು ವರ್ಷ ಕೂರಿಸಿ ಹಳಬನನ್ನು ನೋಡಿ ಕಲಿಯಲಿ ಎನ್ನುತ್ತವೆ ಎಂದು ಅವರು ವಿವರಿಸಿದರು. ಇನ್ನೂ ಏನೇನೋ ಹೇಳಿದರು. ನನಗೆ ಬೇಕಾದದ್ದು ಅಷ್ಟರಲ್ಲಿ ಸಿಕ್ಕಿತ್ತು.

“ನೋಡಿದ್ಯಾ?” ಎಂದೆ, ಕಾರಿನಲ್ಲಿ ವಾಪಸು ಬರುವಾಗ. “ಅಮೆರಿಕಾದಲ್ಲೇ ಒಂದು ವರ್ಷ ಕೂರಿಸ್ತಾರೆ. ದುಡ್ಡು ಕೊಟ್ಟು ಆಡ್ಸೋರು ಅವರು. ಸುಮ್ನೆ ಮಾಡ್ತಾರಾ?”

“ಅವ್ರು ಹೇಳಿದ್ರಲ್ಲಿ ಅರ್ಧ ಮಾತ್ರ ಕೇಳಿಸ್ಕೊಂಡ್ರಿ ನೀವು.”

“ಇನ್ನರ್ಧ ಏನು?”

“ನೋಡಿ ಕಲಿಯೋ ಅಂಥ ಹಳಬ ಇದ್ರೆ ಮಾತ್ರ ಕೂರಿಸ್ಬೇಕು ಅಂದ್ರು.”

ನನ್ನ ಹೆಂಡತಿಗೆ ಇಂಥದ್ದೆಲ್ಲ ಚೆನ್ನಾಗಿ ನೆನಪಿರುತ್ತದೆ. ಮುಥೈಗಾ ದಾಟುವವರೆಗೆ ನಾನು ಗೇರು ಬದಲಿಸುವುದರಲ್ಲಿ ಮಗ್ನನಾಗಿದ್ದೆ.

ಮರುವಾರ ಹೊಸಬನನ್ನು ಕರೆದು ಅಮೆರಿಕದ ಪದ್ಧತಿಯನ್ನು ವಿವರಿಸಿದೆ. ಬೆಂಚಿನ ಮೇಲೆ ಕೂರುವುದು ಅವಮಾನವಲ್ಲ, ಅದೇ ಪಾಠಶಾಲೆ, ನನ್ನ ಕೈ ನೋಡು, ಕಾಲು ನೋಡು, ಯಾರಿಗೆ ಯಾವಾಗ ಕೊಡ್ತೀನಿ ನೋಡು ಎಂದೆ. ಗುರುವಿನ ಠೀವಿಯೇ ಠೀವಿ. ಅವನು ಗಂಭೀರವಾಗಿ ಕೇಳಿಸಿಕೊಂಡ.

“ಅಡ್ಡಿಲ್ಲ ಸರ್. ನೋಡ್ತೆ.”

ನೋಡಿದ. ಯಂತ್ರದ ಮುಂದೆ ಹೇಗೆ ಕೂರುತ್ತಿದ್ದನೋ ಹಾಗೆಯೇ ಗೆರೆಯ ಪಕ್ಕ ಕೂತು, ನೋಟ್‌ಬುಕ್ ತೊಡೆಯ ಮೇಲಿಟ್ಟುಕೊಂಡು ನೋಡಿದ. ಗುಜರಾತಿಗಳ ಮೇಲೆ ಗೆದ್ದೆವು, ನೋಡಿದ. ಪಂಜಾಬಿಗಳ ಮೇಲೆ ಸೋತೆವು, ನೋಡಿದ. ಆಟದ ನಡುವೆ ಒಮ್ಮೊಮ್ಮೆ ಏನೋ ಬರೆದುಕೊಳ್ಳುತ್ತಿದ್ದ. ಅಭ್ಯಾಸದ ದಿನಗಳಲ್ಲಿ ಹತ್ತು ನಿಮಿಷ ಎತ್ತಲು ಕೊಡುತ್ತಿದ್ದೆ. ಅವನ ಚೆಂಡು ದಿನದಿಂದ ದಿನಕ್ಕೆ ಹೇಗಾಗುತ್ತಿದೆ ಎಂದು ಗಮನಿಸುವ ಗೋಜಿಗೆ ನಾನು ಹೋಗಲಿಲ್ಲ. ಆ ಹತ್ತು ನಿಮಿಷ ನಾನು ಮೊಣಕಾಲಿಗೆ ಪಟ್ಟಿ ಸುತ್ತಿಕೊಳ್ಳುತ್ತಿದ್ದೆ.

ಆ ವರ್ಷ ಹೇಗೋ ಫೈನಲ್ ತಲುಪಿದೆವು. ತೆಲುಗರ ತಂಡದಲ್ಲಿ ಇಬ್ಬರಿಗೆ ಮಲೇರಿಯಾ ಬಂದದ್ದೂ ಅದಕ್ಕೊಂದು ಕಾರಣ. ಫೈನಲ್ ಮಲಯಾಳಿಗಳ ವಿರುದ್ಧ, ಅಕ್ಟೋಬರಿನ ಒಂದು ಭಾನುವಾರ ಸಂಜೆ ನಾಲ್ಕೂವರೆಗೆ. ಹೊಸಬನ ಪಾಸ್ ಮುಗಿಯುತ್ತಿದ್ದದ್ದು ಅದೇ ವಾರ. ಬುಧವಾರ ಬೆಳಿಗ್ಗೆ ಕಂಪಾಲಾ ಬಸ್ಸು. ಆಡಿದರೆ ಇದೊಂದು ಪಂದ್ಯ, ಇಲ್ಲದಿದ್ದರೆ ಯಾವುದೂ ಇಲ್ಲ.

ಶನಿವಾರ ಸಂಜೆ ನಮ್ಮ ಮನೆಯಲ್ಲಿ ಸಭೆ. ನಾನು, ಲಂಬೂ, ಹೊಸಬ, ಮತ್ತು ನಮ್ಮ ತಂಡದ ಮ್ಯಾನೇಜರು. ಇವರು ಒಂದು ಔಷಧಿ ಕಂಪನಿಯಲ್ಲಿ ಸ್ಟೋರ್ಸ್ ನೋಡಿಕೊಳ್ಳುವ ಮೈಸೂರಿನ ಹಿರಿಯರು. ಆಡುತ್ತಿರಲಿಲ್ಲ, ಬಾಳೆಹಣ್ಣು, ಗ್ಲೂಕೋಸ್ ತರುತ್ತಿದ್ದರು, ಗಳಿಗೆ ನೋಡುತ್ತಿದ್ದರು. ನನ್ನ ಹೆಂಡತಿ ಉಪ್ಪಿಟ್ಟಿನ ತಟ್ಟೆಗಳನ್ನಿಟ್ಟು ಅಲ್ಲೇ ಬಾಗಿಲಿಗೆ ಒರಗಿ ನಿಂತಳು.

ಲಂಬೂ ಸುತ್ತು ಬಳಸಲಿಲ್ಲ. “ಗುರೂ, ನಾಳೆ ಹೊಸಬ ಎತ್ಲಿ. ಮಲಯಾಳಿಗಳು ನಿನ್ನ ಬಾಲ್ ಬರೋದ್ರೊಳಗೆ ಚಾ ಕುಡಿದು ಬಂದು ಬ್ಲಾಕ್ ಮಾಡ್ತಾರ. ಸ್ಪೀಡ್ ಬೇಕು. ಈಗ ಬಿಟ್ರ ಇನ್ನ ಯಾವಾಗ? ಬುಧವಾರ ಹೊಂಟಾನ ಅವ.”

ನನ್ನ ಕಿವಿ ಬಿಸಿಯಾಯಿತು. ಅಷ್ಟರಲ್ಲಿ ಮ್ಯಾನೇಜರು ಅಡುಗೆಮನೆಯ ಗೋಡೆಗೆ ತೂಗಿದ್ದ ನಮ್ಮ ಬೆಂಗಳೂರಿನ ಕ್ಯಾಲೆಂಡರನ್ನು ಕಿತ್ತುಕೊಂಡು ಬಂದರು.

“ಭಾನುವಾರ ರಾಹುಕಾಲ ನಾಲ್ಕೂವರೆಯಿಂದ ಆರು. ಹೊಸಬರನ್ನ ಹೊಸದಾಗಿ ಇಳಿಸೋದು ಅಂದ್ರೆ ಶುಭಾರಂಭ ಅಲ್ವೇ ಸ್ವಾಮಿ? ಆದ್ರೆ ಯೋಚನೆ ಮಾಡ್ಬೇಡಿ. ಇದು ಬೆಂಗಳೂರಿಗೆ ಹಾಕಿದ ಟೈಮು. ನಮ್ಮದು ಎರಡೂವರೆ ಗಂಟೆ ಹಿಂದೆ. ಕಳೆದ್ರೆ ಇಲ್ಲಿ ಎರಡರಿಂದ ಮೂರೂವರೆ ಆಯ್ತು. ಮ್ಯಾಚ್ ಹೊತ್ತಿಗೆ ರಾಹು ಹೋಗಿ ಒಂದು ಗಂಟೆ ಆಗಿರುತ್ತೆ. ಧಾರಾಳವಾಗಿ ಇಳಿಸಿ.”

ಲಂಬೂ ತೊಡೆ ತಟ್ಟಿದ. ಹೊಸಬನ ಮುಖ ಅರಳಿತು. ವಿಷಯ ಅಲ್ಲಿಗೇ ಮುಗಿಯಬೇಕಾಗಿತ್ತು.

ಆಗ ನಾನು, ರಾಹು ಕೇತುಗಳಿಗೆ ವೀಸಾ ಇಲ್ಲ ಎಂದವನು, ಗಂಟಲು ಸರಿಮಾಡಿಕೊಂಡೆ. “ಅದು ತಪ್ಪು ಸಾರ್. ರಾಹುಕಾಲ ಗಡಿಯಾರದ್ದಲ್ಲ, ಸೂರ್ಯನದ್ದು. ಎಲ್ಲಿರ್ತೀವೋ ಅಲ್ಲಿನ ಸೂರ್ಯೋದಯದಿಂದ ಲೆಕ್ಕ ಹಾಕ್ಬೇಕು” ಎಂದೆ. ಪೆನ್ಸಿಲ್ ತೆಗೆದು ಕ್ಯಾಲೆಂಡರಿನ ಅಂಚಿನಲ್ಲೇ ಬರೆದು ತೋರಿಸಿದೆ. ನೈರೋಬಿಯಲ್ಲಿ ಸೂರ್ಯ ಹುಟ್ಟುವುದು ಆರೂಕಾಲರ ಆಸುಪಾಸು, ಮುಳುಗುವುದು ಮತ್ತೆ ಆರೂಕಾಲರ ಆಸುಪಾಸು. ಹಗಲನ್ನು ಎಂಟು ಪಾಲು ಮಾಡಿ. ಭಾನುವಾರ ಕೊನೆಯ ಪಾಲು ರಾಹುವಿನದು. ಅಂದರೆ ಐದಕ್ಕೆ ಸ್ವಲ್ಪ ಮುಂಚೆ ಶುರುವಾಗಿ ಸೂರ್ಯ ಮುಳುಗುವವರೆಗೆ. ಇಡೀ ಪಂದ್ಯ ಅದರ ಬಾಯಲ್ಲಿ.

ಮ್ಯಾನೇಜರು ಕನ್ನಡಕ ಸರಿಪಡಿಸಿಕೊಂಡು ನನ್ನ ಲೆಕ್ಕ ನೋಡಿದರು. ಹನ್ನೆರಡು ವರ್ಷದಿಂದ ಎರಡೂವರೆ ಗಂಟೆ ಕಳೆದುಕೊಂಡೇ ಗೃಹಪ್ರವೇಶ, ನಾಮಕರಣ ಮಾಡಿಸಿದವರು ಪಾಪ, ಮುಖ ಸಣ್ಣದಾಯಿತು. “ನೀವು ಇಂಜಿನಿಯರು. ನೀವು ಹೇಳಿದ್ಮೇಲೆ ಸರಿಯಿರ್ಬೇಕು” ಎಂದರು.

“ನಾಲ್ಕೂವರೆಗೇ ಇಳಿಸಿದ್ರಾತು! ರಾಹು ಬರೋದು ಐದರ ಸುಮಾರಿಗೆ ಅಂದ್ಯಲ್ಲ” ಎಂದ ಲಂಬೂ.

“ಮಲಯಾಳಿಗಳು ಯಾವತ್ತಾದ್ರೂ ಟೈಮಿಗೆ ಬಂದಿದ್ದಾರಾ? ಶುರುವಾಗೋದೇ ಐದಕ್ಕೆ” ಎಂದೆ. ನಾವೇ ಒಂದು ದಿನವೂ ಸಮಯಕ್ಕೆ ಹೋದವರಲ್ಲ.

“ಹಾಗಾದ್ರೆ ನೀನು ಆಡೋದಕ್ಕೆ ರಾಹು ಅಡ್ಡ ಬರೂದಿಲ್ಲೇನು?”

ಇದಕ್ಕೆ ಮ್ಯಾನೇಜರೇ ಉತ್ತರ ಕೊಟ್ಟರು. ನಡೆಯುತ್ತಿರುವ ಕೆಲಸಕ್ಕೆ ರಾಹುಕಾಲದ ದೋಷವಿಲ್ಲ, ಹೊಸದಾಗಿ ಶುರು ಮಾಡುವುದಕ್ಕೆ ಮಾತ್ರ. ನಾನು ಒಂಬತ್ತು ವರ್ಷದಿಂದ ನಡೆಯುತ್ತಿರುವ ಕೆಲಸವಾಗಿದ್ದೆ. ಶಾಸ್ತ್ರ ನನ್ನ ಪರವಾಗಿ ಇಷ್ಟು ಸ್ಪಷ್ಟವಾಗಿ ಎಂದೂ ಮಾತಾಡಿರಲಿಲ್ಲ.

ಬಾಗಿಲಿಗೆ ಒರಗಿದ್ದ ನನ್ನ ಹೆಂಡತಿ ಜೋರಾಗಿ ನಕ್ಕಳು. “ನಮ್ಮ ಮದ್ವೇಲಿ ಇವ್ರು ಛತ್ರಕ್ಕೆ ಬಂದಿದ್ದೇ ರಾಹುಕಾಲದಲ್ಲಿ. ನಮ್ಮಪ್ಪ ಗೇಟಲ್ಲಿ ತಡೆದ್ರೆ, ಇದೆಲ್ಲ ಮೂಢನಂಬಿಕೆ ಮಾವ ಅಂತ ಭಾಷಣ ಮಾಡಿದ್ರು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ.”

ಎಲ್ಲರೂ ನಕ್ಕರು, ನಾನೂ ನಕ್ಕೆ. ಹೊಸಬ ನಗಲಿಲ್ಲ. ಅವನು ಒಮ್ಮೆ ನನ್ನ ಮುಖ ನೋಡಿದ. ಶುಕ್ರವಾರ ಬೆಳಿಗ್ಗೆ ಹನ್ನೊಂದು ಗಂಟೆ ಅವನ ಜೇಬಿನ ನೋಟ್‌ಬುಕ್ಕಿನಲ್ಲೇ ಇತ್ತು. ತೆಗೆದು ಓದಿದ್ದರೆ ನನ್ನ ಮಾನ ಅಲ್ಲೇ ಉಪ್ಪಿಟ್ಟಿನ ತಟ್ಟೆಗೆ ಬೀಳುತ್ತಿತ್ತು. ಅವನು ತೆಗೆಯಲಿಲ್ಲ.

“ಅಡ್ಡಿಲ್ಲ ಸರ್” ಎಂದ.

ಭಾನುವಾರ ಮೈದಾನದ ತುಂಬ ಜಕರಂಡಾ ಹೂವು ಬಿದ್ದಿತ್ತು. ಕಾಲಿಟ್ಟಲ್ಲಿ ಜಾರುತ್ತದೆಂದು ಬಕೆಟ್ಟಿನ ಹಿರಿಯರು ಎರಡು ಸಲ ಗುಡಿಸಿದರು. ಮಲಯಾಳಿಗಳು ನಾಲ್ಕು ಇಪ್ಪತ್ತಕ್ಕೇ ಬಂದು ಸಾಲಾಗಿ ನಿಂತಿದ್ದರು. ನಮ್ಮ ಮ್ಯಾನೇಜರು ಗಡಿಯಾರ ನೋಡಿದರು, ನನ್ನನ್ನು ನೋಡಿದರು. ನಾನು ಬೂಟಿನ ದಾರ ಕಟ್ಟಿಕೊಳ್ಳಲು ಬಗ್ಗಿದೆ. ಎರಡೂ ಬೂಟಿನ ದಾರ ಕಟ್ಟಿಕೊಳ್ಳಲು ನನಗೆ ಅಂದು ಬಹಳ ಹೊತ್ತು ಹಿಡಿಯಿತು.

ಮೊದಲ ಸೆಟ್ ನಾವು ಗೆದ್ದೆವು. ಲಂಬೂ ಸಿಟ್ಟಿನಲ್ಲಿ ಆಡುತ್ತಿದ್ದ, ಸಿಟ್ಟಿನಲ್ಲಿ ಅವನು ಚೆನ್ನಾಗಿ ಆಡುತ್ತಾನೆ. ಎರಡನೆಯ ಸೆಟ್ಟಿನಲ್ಲಿ ಮಲಯಾಳಿಗಳಿಗೆ ನನ್ನ ಗುಟ್ಟೆಲ್ಲ ಗೊತ್ತಾಗಿಹೋಯಿತು, ಗುಟ್ಟು ಎನ್ನುವಂಥದ್ದು ಏನಾದರೂ ಇದ್ದಿದ್ದರೆ. ನನ್ನ ಚೆಂಡು ಮೇಲೆ ಹೋಗಿ ಯೋಚಿಸುವಾಗಲೇ ಅವರ ಮೂವರು ನೆಟ್ಟಿನ ಮುಂದೆ ಗೋಡೆ ಕಟ್ಟಿರುತ್ತಿದ್ದರು. ಲಂಬೂ ಹೊಡೆದದ್ದೆಲ್ಲ ಅವನ ಕಾಲ ಬಳಿಗೇ ವಾಪಸು. ಮೊಣಕಾಲು ಒಳಗಿನಿಂದ ಕೂಗುತ್ತಿತ್ತು. ಕೊನೆಯ ಚೆಂಡಿಗೆ ನಾನು ಓಡಿದ್ದೇ ಓಡಿದ್ದು, ತಲುಪಲಿಲ್ಲ. ಹೂವಿನ ಮೇಲೆ ಕೂತುಬಿಟ್ಟೆ.

“ಪೋಲೆ, ಮ್ಜೀ” ಎಂದರು ಬಕೆಟ್ಟಿನ ಹಿರಿಯರು. ಪಾಪ ಯಜಮಾನರೇ ಎಂದ ಹಾಗೆ. ಆ ಮಾತಿನಲ್ಲಿ ಗೌರವ ಎಷ್ಟು, ನನ್ನ ವಯಸ್ಸು ಎಷ್ಟು ಎಂದು ನನಗೆ ಅಂದು ಮೊದಲ ಸಲ ಸರಿಯಾಗಿ ಕೇಳಿಸಿತು.

ಮೂರನೆಯ ಸೆಟ್ ಹದಿನೈದು ಪಾಯಿಂಟಿನದು. ಎದ್ದು, ಚಡ್ಡಿ ಕೊಡವಿಕೊಂಡು, ಹೊಸಬನ ಹತ್ತಿರ ಹೋದೆ. ಗಂಟೆ ಐದೂವರೆ. ನನ್ನ ಲೆಕ್ಕದ ಪ್ರಕಾರ ರಾಹು ನಡುಮನೆಯಲ್ಲಿ ಕೂತಿದ್ದ ಹೊತ್ತು. “ಹೋಗು, ಎತ್ತು” ಎಂದೆ. ಮ್ಯಾನೇಜರು ಬಾಯಿ ತೆರೆದರು, ನನ್ನ ಮುಖ ನೋಡಿ ಬಾಳೆಹಣ್ಣು ಸುಲಿಯತೊಡಗಿದರು. ಲಂಬೂ ಹೊಸಬನ ಬೆನ್ನಿಗೊಂದು ಗುದ್ದಿದ. ನಮ್ಮ ಕಡೆಯ ಹೆಂಗಸರು ಮಕ್ಕಳೆಲ್ಲ ಎದ್ದು ನಿಂತರು. ಒಂದು ನಿಜ ಹೇಳುತ್ತೇನೆ. ಅವನು ಗೆರೆ ದಾಟಿ ಒಳಗೆ ಹೋದಾಗ ನನಗೂ ಖುಷಿಯಾಯಿತು. ಇನ್ನು ಆಟ ನೋಡಿ ಎಂದುಕೊಂಡೆ.

ಅವರ ಸರ್ವಿಸ್ ಬಂತು. ನಮ್ಮವರು ತಡೆದರು. ಚೆಂಡು ಹೊಸಬನ ಕಡೆ ಹೋಯಿತು. ಅವನು ಬಲಗೈಯನ್ನು ಚಡ್ಡಿಗೆ ಎರಡು ಸಲ ಒರೆಸಿಕೊಂಡ, ಎಡ ಹೆಗಲ ಮೇಲಿಂದ ಒಮ್ಮೆ ನೋಡಿದ, ಮತ್ತು ಎತ್ತಿದ.

ಚೆಂಡು ಮೇಲೆ ಹೋಯಿತು. ತುಂಬಾ ಮೇಲೆ, ಜಕರಂಡಾ ಕೊಂಬೆಯವರೆಗೆ. ಅಲ್ಲಿ ಸ್ವಲ್ಪ ಯೋಚಿಸಿತು. ನಿಧಾನವಾಗಿ ಕೆಳಗಿಳಿಯಿತು. ಅಷ್ಟರಲ್ಲಿ ಮೂವರು ಮಲಯಾಳಿಗಳು ಗೋಡೆ ಕಟ್ಟಿದ್ದರು.

ಮೊದಲನೆಯದು, ಹೆದರಿಕೆ ಇರಬೇಕು ಎಂದುಕೊಂಡೆ. ಎರಡನೆಯದೂ ಹಾಗೆಯೇ. ಕೈ ಎರಡು ಸಲ ಚಡ್ಡಿಗೆ, ಎಡ ಹೆಗಲ ಮೇಲಿಂದ ನೋಟ, ಆಮೇಲೆ ಆಕಾಶಕ್ಕೆ ಚೆಂಡು. ಮೂರನೆಯದು ಬಲಗಡೆಯವನಿಗೆ. ನಾನೂ ಮೂರನೆಯದನ್ನು ಯಾವಾಗಲೂ ಬಲಗಡೆಗೇ ಕೊಡುವುದು. ಲಂಬೂ ನೆಟ್ಟಿನ ಮುಂದೆ ನಿಂತು ನನ್ನ ಕಡೆ ತಿರುಗಿ ನೋಡಿದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ಗಾಬರಿಯಿತ್ತು.

ಬಕೆಟ್ಟಿನ ಮೇಲಿದ್ದ ಹಿರಿಯರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಒಳಗಿದ್ದವನನ್ನೂ ಹೊರಗಿದ್ದ ನನ್ನನ್ನೂ ಬೆರಳಲ್ಲಿ ತೋರಿಸಿ, “ವಜೀ ವವಿಲಿ!” ಎಂದರು. ಮುದುಕರು ಇಬ್ಬರು.

ಜುಲೈಯಲ್ಲಿ ಬೂಟು ಹಾಕಿಕೊಂಡು ಬಂದು ಮೂರು ಚೆಂಡು ಎತ್ತಿದವನು ಎಲ್ಲಿ ಹೋದ? ನಾನು ಕೂರಿಸಿದೆ, ಅವನು ಕೂತ. ನೋಡು ಎಂದೆ, ನೋಡಿದ. ಕಲಿ ಎಂದೆ, ಕಲಿತ. ಹನ್ನೆರಡು ವಾರ ಬೆಂಚಿನ ಮೇಲೆ ಕೂತು ಶ್ರದ್ಧೆಯಿಂದ ನನ್ನನ್ನು ಕಲಿತುಬಿಟ್ಟಿದ್ದ. ನಾಚಿಕೆಯಿಂದ ನನ್ನ ಕಣ್ಣು ಉರಿಯಿತು. ಗೆರೆಯ ಹತ್ತಿರ ಓಡಿ, “ನನ್ನ ಥರ ಬೇಡ ಕಣೋ! ಮೊದಲ್ನೇ ದಿನ ಎತ್ತಿದ್ಯಲ್ಲ, ಹಾಗೆ ಎತ್ತು! ನಿಂದೇ ಆಟ ಆಡು!” ಎಂದು ಕಿರುಚಿದೆ.

ಅವನು ತಲೆಯಾಡಿಸಿದ. ಪ್ರಯತ್ನಪಟ್ಟ, ಅದು ಕಾಣುತ್ತಿತ್ತು. ಒಂದು ಚೆಂಡು ಸರ್ರನೆ ಅಡ್ಡ ಹೋಯಿತು, ಲಂಬೂ ಹೊಡೆದ ಸದ್ದಿಗೆ ಮಲಯಾಳಿಗಳು ಬೆಚ್ಚಿದರು, ನಮ್ಮ ಕಡೆ ಕೇಕೆ. ಮುಂದಿನದು ಅತ್ತಲೂ ಅಲ್ಲ ಇತ್ತಲೂ ಅಲ್ಲ, ನನ್ನದಕ್ಕಿಂತ ತಗ್ಗು, ಅವನದಕ್ಕಿಂತ ನಿಧಾನ. ಲಂಬೂ ಹಾರಿ, ಗಾಳಿಯಲ್ಲಿ ಕಾದು, ಚೆಂಡಿಗೂ ಮೊದಲೇ ಕೆಳಗೆ ಬಂದ. ಮತ್ತೆ ಎರಡು ಒಳ್ಳೆಯವು, ಮತ್ತೆ ಮೂರು ಕೆಟ್ಟವು. ಹನ್ನೊಂದಕ್ಕೆ ಹದಿನೈದರಲ್ಲಿ ಸೋತೆವು. ಹಿತ್ತಾಳೆಯ ಕಪ್ ಮಲಯಾಳಿಗಳ ವ್ಯಾನ್ ಹತ್ತಿತು.

ರಾಹುಕಾಲದಲ್ಲಿ ಇಳಿಸಿದ್ದಕ್ಕೇ ಹೀಗಾಯಿತು ಎಂದು ಮ್ಯಾನೇಜರು ಮೆಲ್ಲಗೆ ಹೇಳಿದರು. ಅವರಿಗೆ ನಾನು ಏನು ಹೇಳಲಿ? ಲೆಕ್ಕ ಹಾಕಿಕೊಟ್ಟವನು ನಾನೇ.

ಬುಧವಾರ ಬೆಳಿಗ್ಗೆ ನಾನೇ ಅವನನ್ನು ಕಂಪಾಲಾ ಬಸ್ಸಿಗೆ ಬಿಡಲು ಹೋದೆ. ಹೆಂಡತಿ ಚಪಾತಿ, ಚಟ್ನಿಪುಡಿ ಕಟ್ಟಿಕೊಟ್ಟಿದ್ದಳು. ದಾರಿಯುದ್ದಕ್ಕೂ ನಾನು ಯಂತ್ರದ ವಿಷಯವನ್ನೇ ಮಾತಾಡಿದೆ. ಬಸ್ಸಿನ ಮೆಟ್ಟಿಲ ಹತ್ತಿರ ನಿಂತು ಕೊನೆಗೆ, “ನಿನ್ನ ಮೊದ್ಲೇ ಇಳಿಸ್ಬೇಕಿತ್ತು. ತಪ್ಪು ನಂದು” ಎಂದೆ. ಹೇಳಲು ಇಷ್ಟು ಚಿಕ್ಕದಾದ ಮಾತಿಗೆ ಮೂರು ತಿಂಗಳು ಹಿಡಿದಿತ್ತು.

“ಹಾಗೆಂತ ಇಲ್ಲ ಸರ್” ಎಂದ ಅವನು, ನಿಜವಾದ ಸಂಕೋಚದಿಂದ. “ನಾನು ನೋಡಿ ಕಲ್ತದ್ದು ಜಾಸ್ತಿ ಆಯ್ತು. ಒಂದೇ ದಿನದಲ್ಲಿ ಬಿಡ್ಲಿಕ್ಕೆ ಆಗ್ಲಿಲ್ಲ.”

ಆಮೇಲೆ ಜೇಬಿನಿಂದ ನೋಟ್‌ಬುಕ್ ತೆಗೆದು ಕೊಟ್ಟ. ಯಂತ್ರದ ಎಲ್ಲ ಸೆಟ್ಟಿಂಗ್ ಇದರಲ್ಲಿದೆ, ನಿಮಗೆ ಬೇಕಾಗ್ತದೆ ಎಂದ. ಬಸ್ಸು ಹೊರಟಿತು.

ಅದು ಬೇಕಾಯಿತು. ಮರುವಾರವೇ ಅರ್ಧ ಲೀಟರಿನ ಬಾಟಲಿ ಸೊಟ್ಟಗೆ ಬರತೊಡಗಿತು. ಯಂತ್ರದ ಪಕ್ಕ ನಿಂತು ಪುಟ ತಿರುಗಿಸಿದೆ. ಶಾಖ, ಒತ್ತಡ, ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ ಚಾಲೂ, ಎಲ್ಲ ಇತ್ತು. ಸೊಟ್ಟ ಸರಿಹೋಯಿತು. ಇನ್ನೂ ತಿರುಗಿಸಿದರೆ, ಕೊನೆಯ ಪುಟಗಳಲ್ಲಿ ನಾನಿದ್ದೆ. ಅದೇ ಪುಟ್ಟ ಅಕ್ಷರ, ಯಂತ್ರಕ್ಕೆ ಬರೆದ ಹಾಗೆಯೇ ಅಂಕಿ ಹಾಕಿ ಬರೆದಿದ್ದ. ಚೆಂಡು ಹಣೆಗಿಂತ ಒಂದು ಗೇಣು ಮೇಲೆ ಹಿಡಿಯುವುದು. ಎತ್ತುವ ಮೊದಲು ಎಡ ಹೆಗಲ ಮೇಲಿಂದ ನೋಡುವುದು. ಮೂರನೆಯ ಚೆಂಡು ಬಲಗಡೆಗೆ. ಐದನೆಯ ಅಂಶದ ಪಕ್ಕ ಒಂದು ಪ್ರಶ್ನಾರ್ಥಕ ಚಿಹ್ನೆ ಇತ್ತು:

‘ಎತ್ತುವ ಮೊದಲು ಬಲಗೈ ಎರಡು ಸಲ ಚಡ್ಡಿಗೆ ಒರೆಸುವುದು. ಕಾರಣ ಗೊತ್ತಾಗಲಿಲ್ಲ. ಸರ್ ಹತ್ತಿರ ಕೇಳಬೇಕು.’

ಅವನು ಕೇಳಲಿಲ್ಲ. ಸರ್ ಮಾಡುತ್ತಾರೆಂದರೆ ಏನೋ ಇರಬೇಕು ಎಂದು ಅದನ್ನೂ ಕಲಿತಿದ್ದ. ಯಂತ್ರ ಪಕ್ಕದಲ್ಲಿ ಬಾಟಲಿ ಉಗುಳುತ್ತಲೇ ಇತ್ತು. ಕಾರಣ ಏನೂ ಇರಲಿಲ್ಲ. ನನಗೆ ಅಂಗೈ ಬೆವರುತ್ತದೆ, ಅಷ್ಟೇ.